ನಡುವೆ ಎದ್ದು ಹೋಗಬೇಕಾದವರಿಗೆ ಯಾವ ಗೇಮ್?

ನಮ್ಮ ಬೀದಿಗೆ ನಲ್ಲಿ ನೀರು ಬರುವುದು ರಾತ್ರಿ ಹತ್ತರ ಮೇಲೆ. ಸಂಪು ತುಂಬಿದ ಮೇಲೆ ಮೋಟಾರ್ ಹಾಕಿದರೆ ಮೇಲಿನ ಟ್ಯಾಂಕ್ ತುಂಬಲು ಇಪ್ಪತ್ತೈದು ನಿಮಿಷ. ಇಪ್ಪತ್ತಾರನೆಯ ನಿಮಿಷಕ್ಕೆ ನೀರು ಪಕ್ಕದ ಮನೆಯ ಗೋಡೆ ಮೇಲೆ. ಹೋದ ಬೇಸಿಗೆಯಲ್ಲಿ ಒಂದು ರಾತ್ರಿ ಎಲ್ಡನ್ ರಿಂಗ್ ಎಂಬ ವಿಡಿಯೋ ಗೇಮಿನಲ್ಲಿ ಮಾರ್ಗಿಟ್ ಎಂಬ ಕೋಲು ಹಿಡಿದ ದೈತ್ಯನ ಎದುರು ನಿಂತಿದ್ದೆ. ಹದಿನೇಳನೆಯ ಸಲ. ಅವನ ಲೈಫ್ ಇನ್ನು ಕಿರುಬೆರಳ ಉಗುರಿನಷ್ಟು ಉಳಿದಿತ್ತು. ಒಳಗಿನಿಂದ ಹೆಂಡತಿ "ರೀ, ಮೋಟಾರು!" ಅಂದಳು. "ಒಂದೇ ನಿಮಿಷ ಕಣೇ" ಅಂದೆ. ಆ ಒಂದು ನಿಮಿಷದಲ್ಲಿ ಮಾರ್ಗಿಟ್ ನನ್ನನ್ನು ಹೊಡೆದು ಮಲಗಿಸಿದ, ಟ್ಯಾಂಕ್ ತುಂಬಿ ಹರಿಯಿತು, ಪಕ್ಕದ ಮನೆಯ ತಾತ ಕಿಟಕಿ ತೆಗೆದು ಅಂದದ್ದು ಇಲ್ಲಿ ಬರೆಯುವಂಥದ್ದಲ್ಲ.

ಗೇಮ್ ಆರಿಸುವ ನನ್ನ ಅಳತೆ ಬದಲಾದದ್ದು ಆ ರಾತ್ರಿಯಿಂದ. ಗ್ರಾಫಿಕ್ಸ್ ಹೇಗಿದೆ, ಕಥೆ ಹೇಗಿದೆ, ಹತ್ತಕ್ಕೆ ಎಷ್ಟು ಅಂಕ ಅನ್ನುವುದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಇಪ್ಪತ್ತಾರನೆಯ ನಿಮಿಷಕ್ಕೆ ಎದ್ದು ಹೋದರೆ ಏನಾಗುತ್ತದೆ ಎಂದು ಯಾರೂ ಹೇಳುವುದಿಲ್ಲ. ಕೆಲಸ, ಮಗು, ಅಡುಗೆಮನೆ ಎಲ್ಲ ಮುಗಿದ ಮೇಲೆ ರಾತ್ರಿ ಒಂದು ಗಂಟೆ, ಬಹಳ ಆದರೆ ಒಂದೂವರೆ ಗಂಟೆ ಸಿಗುವವರಿಗೆ ಇದೇ ದೊಡ್ಡ ಪ್ರಶ್ನೆ. ಅಂಥವರಿಗಾಗಿ ಐದು ಗೇಮ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದೇನೆ: ದಿ ವಿಚರ್ 3, ರೆಡ್ ಡೆಡ್ ರಿಡೆಂಪ್ಶನ್ 2, ಎಲ್ಡನ್ ರಿಂಗ್, ಸ್ಟಾರ್ಡ್ಯೂ ವ್ಯಾಲಿ, ಹೇಡೀಸ್. ಐದನ್ನೂ ಆಡಿದ್ದೇನೆ. ಎಲ್ಡನ್ ರಿಂಗ್ ಮಾತ್ರ ಮುಗಿಸಿಲ್ಲ, ಮುಗಿಸುತ್ತೇನೆ ಅನ್ನುವ ನಂಬಿಕೆಯೂ ಇಲ್ಲ.

ಇನ್ನೊಬ್ಬರ ಅಭಿಪ್ರಾಯ ಕೇಳುವಾಗ ನಾನೀಗ ಮೊದಲು ಕೇಳುವುದು "ಯಾವಾಗ ಆಡಿದೆ, ಒಂದು ಸಲ ಕೂತರೆ ಎಷ್ಟು ಹೊತ್ತು ಕೂರುತ್ತಿದ್ದೆ?" ಅಂತ. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಹುಡುಗ ಪಿಜಿಯಲ್ಲಿ ಇರುವವನು. ಶನಿವಾರ ಬೆಳಿಗ್ಗೆ ಕೂತರೆ ಊಟ ಡೆಲಿವರಿಯಲ್ಲೇ ಬರುತ್ತದೆ, ಸಂಜೆಯವರೆಗೆ ಏಳುವುದಿಲ್ಲ. ರೆಡ್ ಡೆಡ್‌ಗಿಂತ ದೊಡ್ಡ ಗೇಮ್ ಇಲ್ಲ ಎಂಬುದು ಅವನ ತೀರ್ಮಾನ. ಸುಳ್ಳಲ್ಲ. ಆದರೆ ಅದು ಅರ್ಧ ಗೇಮಿನ ಬಗ್ಗೆ, ಇನ್ನರ್ಧ ಅವನ ಶನಿವಾರದ ಬಗ್ಗೆ. ನನಗಿದು ಖಚಿತವಾಗಿ ಗೊತ್ತು, ಏಕೆಂದರೆ ಅದೇ ಗೇಮಿನ ಬಗ್ಗೆ ನನಗೇ ಎರಡು ಅಭಿಪ್ರಾಯ ಇವೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ನೋಡುವುದು ಮೂರೇ ವಿಷಯ. ಎದ್ದು ಹೋದರೆ ಗೇಮ್ ನಿಂತಲ್ಲೇ ನಿಲ್ಲುತ್ತದೆಯೇ? ಕರೆಂಟ್ ಹೋದರೆ ಆಡಿದ್ದರಲ್ಲಿ ಎಷ್ಟು ನೀರುಪಾಲು? ಹತ್ತು ದಿನ ಬಿಟ್ಟು ಬಂದರೆ ಎಲ್ಲಿದ್ದೆ, ಏನು ಮಾಡುತ್ತಿದ್ದೆ ಎಂದು ನೆನಪಾಗುತ್ತದೆಯೇ? ಚಿಕ್ಕಂದಿನಲ್ಲಿ 9999 ಗೇಮ್ ಇದೆ ಎಂದು ಬರೆದ ಹಳದಿ ಕ್ಯಾಸೆಟ್ ಹಾಕಿ ಆಡಿದವರಿಗೆ ಈ ಚಿಂತೆ ಹೊಸದಲ್ಲ. ಅದರಲ್ಲಿ ಸೇವ್ ಅನ್ನುವುದೇ ಇರಲಿಲ್ಲ. ಕಾಂಟ್ರಾದಲ್ಲಿ ಆರನೇ ಸ್ಟೇಜ್ ತಲುಪಿದಾಗ ಊಟಕ್ಕೆ ಕರೆದರೆ ಸ್ಟಾರ್ಟ್ ಬಟನ್ ಒತ್ತಿ, ಟೀವಿ ಮಾತ್ರ ಆಫ್ ಮಾಡಿ, ಸೆಟ್ಟನ್ನು ಹಾಗೇ ಬಿಟ್ಟು ಹೋಗುತ್ತಿದ್ದೆವು. ಬಂದು ಮುಟ್ಟಿದರೆ ಅಡಾಪ್ಟರ್ ದೋಸೆ ಹೆಂಚಿನ ಹಾಗೆ ಕಾದಿರುತ್ತಿತ್ತು. ಅಷ್ಟರಲ್ಲಿ ಕರೆಂಟ್ ಹೋಗಿದ್ದರೆ ಮತ್ತೆ ಮೊದಲಿಂದ.

ಎಲ್ಡನ್ ರಿಂಗ್: ಏಳಲು ಬಿಡುವುದಿಲ್ಲ, ಕಳೆಯಲೂ ಬಿಡುವುದಿಲ್ಲ

ಜಪಾನಿನ ಫ್ರಮ್‌ಸಾಫ್ಟ್‌ವೇರ್‌ನ ಈ ಗೇಮ್ ಬಂದದ್ದು 2022ರ ಫೆಬ್ರವರಿಯಲ್ಲಿ. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ದೊಡ್ಡ ಪ್ರಶಸ್ತಿ ಇದಕ್ಕೇ ಹೋಯಿತು. ಇದರಲ್ಲಿ ಪಾಝ್ ಇಲ್ಲ. ಮೆನು ತೆರೆದರೂ ಹಿಂದೆ ಲೋಕ ನಡೆಯುತ್ತಲೇ ಇರುತ್ತದೆ. ನೀವು ಕವಚ ಬದಲಾಯಿಸುತ್ತಾ ಕೂತಿದ್ದರೆ ಬೆನ್ನ ಹಿಂದೆ ನಾಯಿ ಬಂದು ಕಚ್ಚುತ್ತದೆ. ಒಂದು ಕಳ್ಳದಾರಿ ಇದೆ: ಇನ್ವೆಂಟರಿ, ಅಂದರೆ ಕೈಯಲ್ಲಿರುವ ಸಾಮಾನಿನ ಪಟ್ಟಿ ತೆರೆದು, ಸಹಾಯದ ಬಟನ್ ಒತ್ತಿ, ಮೆನು ಎಕ್ಸ್‌ಪ್ಲನೇಶನ್ ಅನ್ನುವುದನ್ನು ಆರಿಸಿದರೆ ಎಲ್ಲ ನಿಲ್ಲುತ್ತದೆ. ಮೂರ್ನಾಲ್ಕು ಬಟನ್ ದೂರದ ಪಾಝ್. ಮಾರ್ಗಿಟ್ ಕೋಲೆತ್ತಿದಾಗ ಇಷ್ಟೆಲ್ಲ ಮಾಡುವ ಪುರಸೊತ್ತು ಎಲ್ಲಿಂದ ಬರಬೇಕು?

ಆದರೆ ಎರಡನೆಯ ಪ್ರಶ್ನೆಗೆ ಬನ್ನಿ, ಇದೇ ಗೇಮ್ ಎಲ್ಲರಿಗಿಂತ ಮುಂದೆ. ಇದು ಹೆಜ್ಜೆ ಹೆಜ್ಜೆಗೂ ತಾನೇ ಸೇವ್ ಮಾಡಿಕೊಳ್ಳುತ್ತಿರುತ್ತದೆ. ಒಂದು ಸೊಪ್ಪು ಕಿತ್ತರೂ ಬರೆದಿಟ್ಟುಕೊಳ್ಳುತ್ತದೆ. ಬಯಲಿನಲ್ಲಿ ಕುದುರೆಯ ಮೇಲೆ ಸುತ್ತುತ್ತಿರುವಾಗ ಕ್ವಿಟ್ ಕೊಟ್ಟು ಹೋಗಿ, ನಾಳೆ ಬಂದಾಗ ಅದೇ ಕಲ್ಲಿನ ಪಕ್ಕ ನಿಂತಿರುತ್ತೀರಿ. ಕರೆಂಟ್ ಹೋದಾಗ ನಾನು ಇದರಲ್ಲಿ ಕಳಕೊಂಡದ್ದು ಒಂದೆರಡು ನಿಮಿಷಕ್ಕಿಂತ ಹೆಚ್ಚಿಲ್ಲ. ತಪ್ಪನ್ನೂ ಅಷ್ಟೇ ನಿಯತ್ತಾಗಿ ಬರೆದಿಡುತ್ತದೆ ಅನ್ನುವುದು ಬೇರೆ ಮಾತು. ಸತ್ತರೆ ಗಳಿಸಿದ ರೂನ್‌ಗಳೆಲ್ಲ, ಅಂದರೆ ಇಲ್ಲಿನ ದುಡ್ಡೆಲ್ಲ, ಬಿದ್ದ ಜಾಗದಲ್ಲಿ ಉಳಿಯುತ್ತವೆ, ಅವನ್ನು ಹೆಕ್ಕುವ ಮೊದಲು ಇನ್ನೊಮ್ಮೆ ಸತ್ತರೆ ಮುಗಿಯಿತು. ಹಳೆಯ ಸೇವ್‌ಗೆ ಹಿಂತಿರುಗುವ ದಾರಿ ಇಲ್ಲ.

ಮೂರನೆಯ ಪ್ರಶ್ನೆಯಲ್ಲಿ ಮತ್ತೆ ಸೋಲು. ಇದರಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿ ಇಲ್ಲ. ಯಾರೋ ಒಬ್ಬ ಅರ್ಧ ಒಗಟಿನಲ್ಲಿ ಏನೋ ಹೇಳುತ್ತಾನೆ, ನಾವು ನೆನಪಿಟ್ಟುಕೊಳ್ಳಬೇಕು. ಹತ್ತು ದಿನ ಮದುವೆ ಮನೆ ಸುತ್ತಿ ಬಂದವನಿಗೆ ಏನು ನೆನಪಿರುತ್ತದೆ? ನಾನು ಮಗಳ ಹಳೆಯ ಎರಡು ಗೆರೆಯ ಪುಸ್ತಕದಲ್ಲಿ ಬರೆದಿಡಲು ಶುರು ಮಾಡಿದೆ: "ಸರೋವರದ ಪೂರ್ವಕ್ಕೆ ಗುಹೆ, ಒಳಗೆ ಕರಡಿ, ಆಮೇಲೆ ಬಾ." ಆ ಪುಸ್ತಕ ಇಲ್ಲದಿದ್ದರೆ ಎಂದೋ ಬಿಟ್ಟಿರುತ್ತಿದ್ದೆ.

ಕಷ್ಟ ಎಂಬ ಮಾತಿಗೆ ಹೆದರಬೇಡಿ, ಅದು ಅರ್ಧ ಮಾತ್ರ ನಿಜ. ಶುರುವಿನ ಬಯಲಿಗೆ ಕಾಲಿಟ್ಟ ಕೂಡಲೇ ಚಿನ್ನದ ಕವಚ ತೊಟ್ಟ ಕುದುರೆ ಸವಾರ ಒಬ್ಬ ಸಿಗುತ್ತಾನೆ. ಹೊಸಬರೆಲ್ಲ ಅವನ ಮೇಲೆ ಬಿದ್ದು ಸಾಯುತ್ತಾರೆ. ಅವನು ಅಲ್ಲಿರುವುದು "ಈಗಲ್ಲ, ಸುತ್ತು ಹಾಕಿ ಬಾ" ಎಂದು ಕಲಿಸಲು. ಬೇರೆ ಕಡೆ ಹೋಗಿ, ಲೆವೆಲ್ ಏರಿಸಿಕೊಂಡು, ಜೊತೆಗೆ ಹೋರಾಡುವ ಆತ್ಮಗಳನ್ನು ಕರೆದುಕೊಂಡು ಬಂದರೆ ಅದೇ ಸವಾರ ಸಾಧಾರಣ ಮನುಷ್ಯನಾಗುತ್ತಾನೆ. ಸೋತರೆ ಸಿಟ್ಟು ಬರುವವರಿಗೆ ಇದು ಬೇಡ. ಸೋತಾಗ "ಇನ್ನೊಂದು ಸಲ" ಅನ್ನಿಸುವವರಿಗೂ, ಆ ಇನ್ನೊಂದು ಸಲ ರಾತ್ರಿ ಒಂದೂವರೆಗೆ ಮುಗಿಯುವುದರಿಂದ, ವಾರದ ದಿನಗಳಲ್ಲಿ ಬೇಡ.

ರೆಡ್ ಡೆಡ್ ರಿಡೆಂಪ್ಶನ್ 2: ಪುರಸೊತ್ತಿನ ಗೇಮ್

ಇದನ್ನು ನಾನು ಮೊದಲು ಆಡಿದ್ದು 2020ರ ಲಾಕ್‌ಡೌನ್‌ನಲ್ಲಿ. ಮದುವೆ ಆಗಿತ್ತು, ಮಗು ತೊಟ್ಟಿಲಲ್ಲಿತ್ತು, ಆದರೆ ಆಫೀಸಿಗೆ ಹೋಗಿಬರುವ ಮೂರು ಗಂಟೆ ಏಕಾಏಕಿ ಕೈಗೆ ಸಿಕ್ಕಿತ್ತು. ರಾಕ್‌ಸ್ಟಾರ್ ಇದನ್ನು ಪ್ಲೇಸ್ಟೇಶನ್, ಎಕ್ಸ್‌ಬಾಕ್ಸ್‌ಗೆ 2018ರ ಅಕ್ಟೋಬರ್‌ನಲ್ಲೂ, ಕಂಪ್ಯೂಟರ್‌ಗೆ 2019ರ ನವೆಂಬರ್‌ನಲ್ಲೂ ಬಿಟ್ಟಿತ್ತು. ಕಥೆ 1899ರ ಅಮೆರಿಕದ್ದು. ಆರ್ಥರ್ ಮಾರ್ಗನ್ ಎಂಬ ದರೋಡೆಕೋರ, ಡಚ್ ಎಂಬ ಅವನ ನಾಯಕ, ಕಾಲ ಮುಗಿದು ಹೋಗುತ್ತಿರುವ ಒಂದು ಗ್ಯಾಂಗ್. ಆರು ಅಧ್ಯಾಯ, ಅದರ ಮೇಲೆ ಎರಡು ಭಾಗದ ಉಪಸಂಹಾರ.

ಇದರಲ್ಲಿ ಎಲ್ಲವೂ ನಿಧಾನ. ಜಿಂಕೆ ಹೊಡೆದರೆ ಆರ್ಥರ್ ಮಂಡಿಯೂರಿ, ಚಾಕು ತೆಗೆದು, ಚರ್ಮ ಸುಲಿದು, ಹೆಗಲ ಮೇಲೆ ಹಾಕಿಕೊಂಡು ಕುದುರೆಯವರೆಗೆ ನಡೆಯುತ್ತಾನೆ. ಕಪಾಟಿನಲ್ಲಿ ಏನಿದೆ ನೋಡಬೇಕಾದರೆ ಒಂದೊಂದೇ ಡ್ರಾಯರ್ ಎಳೆಯಬೇಕು. ಗಡ್ಡ ಬೆಳೆಯುತ್ತದೆ, ಬಂದೂಕು ಮಾಸುತ್ತದೆ, ಊಟ ಮಾಡಿಸದಿದ್ದರೆ ಮನುಷ್ಯ ಸೊರಗುತ್ತಾನೆ. ಆಗ ನನಗೆ ಇದೆಲ್ಲ ಸ್ವರ್ಗ. ಡಿಸೆಂಬರಿನಲ್ಲಿ ಮನೆಯಲ್ಲಿ ಅವರೆಕಾಯಿ ಸುಗ್ಗಿ ನಡೆಯುವಾಗ ನಾನು ಕಂಡುಕೊಂಡ ಉಪಾಯ ಒಂದಿದೆ: ನಕ್ಷೆಯಲ್ಲಿ ದೂರದ ಒಂದು ಊರಿಗೆ ಗುರುತು ಹಾಕಿ, ಕುದುರೆ ಓಡಿಸಿ, ಸಿನಿಮಾ ಕ್ಯಾಮೆರಾ ಹಾಕಿಬಿಟ್ಟರೆ ಕುದುರೆ ತಾನಾಗಿ ರಸ್ತೆ ಹಿಡಿದು ಹೋಗುತ್ತದೆ. ಅಷ್ಟು ಹೊತ್ತು ನಾನು ನೆನೆಸಿದ ಕಾಳು ಹಿಸುಕುತ್ತಿದ್ದೆ. ಆರ್ಥರ್ ಹಿಮದ ಗುಡ್ಡ ಇಳಿದು ಹೊಳೆ ದಾಟುವಷ್ಟರಲ್ಲಿ ಒಂದು ಬಟ್ಟಲು ಹಿತಕಿದ ಬೇಳೆ. ಎರಡು ಮೂರು ಸಲ ಕಳ್ಳರು ಅಡ್ಡಗಟ್ಟಿದಾಗ ಅವರೆ ಸೊಗಡಿನ ಕೈಯಲ್ಲೇ ಕಂಟ್ರೋಲರ್ ಹಿಡಿದದ್ದುಂಟು.

2023ರಲ್ಲಿ ಮತ್ತೆ ಶುರು ಮಾಡಿದೆ. ಅದೇ ಕಂಪ್ಯೂಟರ್, ಅದೇ ಗೇಮ್. ಮೊದಲ ಅಧ್ಯಾಯ ಪೂರ್ತಿ ಹಿಮದಲ್ಲಿ ಕಾಲೆಳೆಯುವುದು. ಅದು ಮುಗಿಯಲು ನನಗೆ ನಾಲ್ಕು ರಾತ್ರಿ ಬೇಕಾಯಿತು. ಮುಂದೆ ಒಂದು ರಾತ್ರಿ ಪೂರ್ತಿ ಆಡಿ ಮಲಗುವಾಗ ಲೆಕ್ಕ ಹಾಕಿದೆ: ಕುದುರೆ ಮೈ ಉಜ್ಜಿದೆ, ಕಾಫಿ ಕಾಸಿ ಕುಡಿದೆ, ಒಂದು ಮೊಲ ಹೊಡೆದೆ. ನಿಜಜೀವನದಲ್ಲೂ ಆ ದಿನ ಹೆಚ್ಚುಕಡಿಮೆ ಇಷ್ಟೇ ಮಾಡಿದ್ದೆ, ಮೊಲ ಒಂದು ಬಿಟ್ಟು.

ಅಳತೆಗೆ ಬರೋಣ. ಪಾಝ್ ಆಗುತ್ತದೆ, ತೊಂದರೆ ಇಲ್ಲ. ಸುಮ್ಮನೆ ತಿರುಗಾಡುತ್ತಿರುವಾಗ ಎಲ್ಲಿ ಬೇಕಾದರೂ ಸೇವ್ ಮಾಡಬಹುದು. ಆದರೆ ಮಿಷನ್, ಅಂದರೆ ಕಥೆಯ ಒಂದು ಕೆಲಸ ಶುರುವಾದರೆ ಸೇವ್ ಇಲ್ಲ. ಮಿಷನ್ ನಡುವೆ ಸತ್ತರೆ ಸ್ವಲ್ಪ ಹಿಂದಿನಿಂದ ಮುಂದುವರಿಸಬಹುದು, ಕರೆಂಟ್ ಹೋದರೆ ಮಾತ್ರ ಮಿಷನ್ ಮೊದಲಿಂದಲೇ. ಒಂದೊಂದು ಮಿಷನ್ ಅರ್ಧ ಗಂಟೆ ಹಿಡಿಯುತ್ತದೆ, ಅದರಲ್ಲಿ ಹತ್ತು ನಿಮಿಷ ಕುದುರೆ ಮೇಲೆ ಕೂತು ಮಾತು. ಅದೇ ಮಾತು ಎರಡನೆಯ ಸಲ ಕೇಳುವುದು ಇದೆಯಲ್ಲ, ಅದು ಶಿಕ್ಷೆ.

ಬಿಟ್ಟು ಬಂದರೆ ಕಥೆ ಮರೆಯುವುದಿಲ್ಲ, ಬಟನ್ ಮರೆಯುತ್ತದೆ. ಇದರಲ್ಲಿ ಎದುರಿನವನನ್ನು ಮಾತಾಡಿಸಲು ಒತ್ತುವ ಬಟನ್ನೇ, ಕೈಯಲ್ಲಿ ಬಂದೂಕು ಇದ್ದರೆ ಗುರಿ ಇಡುವ ಬಟನ್. ಎರಡು ವಾರ ಬಿಟ್ಟು ಬಂದು ವ್ಯಾಲೆಂಟೈನ್ ಊರಿನ ಬೀದಿಯಲ್ಲಿ ಒಬ್ಬನಿಗೆ ನಮಸ್ಕಾರ ಹೇಳಲು ಹೋದೆ. ಹೇಳಿದ್ದು ಬಂದೂಕಿನ ಮೂತಿಯಿಂದ. ಗಾಬರಿಯಲ್ಲಿ ಇನ್ನೊಂದು ಬಟನ್ ಒತ್ತಿದೆ, ಗುಂಡೇ ಹಾರಿತು. ಊರಿಗೆ ಊರೇ ಬೆನ್ನಟ್ಟಿತು, ತಲೆಗೆ ಬೆಲೆ ಕಟ್ಟಿದರು. ಆ ರಾತ್ರಿಯ ಒಂದು ಗಂಟೆ ಪೂರ್ತಿ ಓಡುವುದರಲ್ಲೇ ಹೋಯಿತು.

ಈ ಐದರಲ್ಲಿ ಅತಿ ದೊಡ್ಡ ಕೆಲಸ ಯಾವುದು ಎಂದರೆ ಈಗಲೂ ಇದನ್ನೇ ಹೇಳುತ್ತೇನೆ. ನಿಮಗೆ ಬಾಣಂತನದ ರಜೆಯೋ, ಕೆಲಸ ಬದಲಾಯಿಸುವ ನಡುವಿನ ಒಂದು ತಿಂಗಳೋ, ಕಾಲು ಮುರಿದು ಮನೆಯಲ್ಲಿ ಕೂರುವ ಯೋಗವೋ ಬಂದರೆ ಇದನ್ನೇ ಹಾಕಿ. ರಾತ್ರಿ ಒಂದು ಗಂಟೆಗೆ ಇದು ಬೇಡ. ಹಾಗೆ ಆಡಿದರೆ ಈ ಗೇಮಿಗೇ ಅನ್ಯಾಯ.

ವಿಚರ್ 3: ಧಾರಾವಾಹಿ ನೋಡುವವರ ಕಷ್ಟ ಬಲ್ಲದ್ದು

ಪೋಲೆಂಡ್‌ನ ಸಿಡಿ ಪ್ರಾಜೆಕ್ಟ್ ರೆಡ್ ಇದನ್ನು 2015ರ ಮೇ ತಿಂಗಳಲ್ಲಿ ಬಿಟ್ಟಿತು. ಗೆರಾಲ್ಟ್ ಎಂಬ ಬಿಳಿಕೂದಲಿನ ರಾಕ್ಷಸ ಬೇಟೆಗಾರ, ಅವನು ಮಗಳಂತೆ ಸಾಕಿದ ಸಿರಿಯನ್ನು ಹುಡುಕಿಕೊಂಡು ಹೊರಟ ಕಥೆ. ಎಲ್ಲ ಸೇರಿದರೆ ನೂರು ಗಂಟೆ ಮೀರುತ್ತದೆ, ಕೇಳಿದರೆ ನಮ್ಮಂಥವರಿಗಲ್ಲ ಅನ್ನಿಸುತ್ತದೆ. ಆದರೆ ಆ ನೂರು ಗಂಟೆಯನ್ನು ಸಣ್ಣ ಸಣ್ಣ ತುಂಡಾಗಿ ಕತ್ತರಿಸಿ ಇಟ್ಟಿದ್ದಾರೆ. ಹಳ್ಳಿಯ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ: ಬಾವಿ ಹತ್ತಿರ ದೆವ್ವ ಕಾಟ. ಊರವರನ್ನು ಮಾತಾಡಿಸಿ, ಹೆಜ್ಜೆ ಜಾಡು ಹಿಡಿದು, ಅದನ್ನು ಮುಗಿಸಿ, ಚೌಕಾಸಿ ಮಾಡಿ ದುಡ್ಡು ಇಸಕೊಂಡು ಬರುವಷ್ಟರಲ್ಲಿ ಅರ್ಧ ಗಂಟೆ. ಒಂದು ರಾತ್ರಿಗೆ ಒಂದು ದೆವ್ವ, ಲೆಕ್ಕ ಚುಕ್ತಾ.

ಕಾದಾಟ, ಮಾತುಕತೆ ಎರಡನ್ನು ಬಿಟ್ಟರೆ ಯಾವಾಗ ಬೇಕಾದರೂ ಸೇವ್ ಮಾಡಬಹುದು. ಕಂಪ್ಯೂಟರಿನಲ್ಲಿ ಎಫ್5 ಒತ್ತಿದರೆ ಸಾಕು. ಮಾತುಕತೆಯ ನಡುವೆ ಹೆಂಡತಿ ಕರೆದರೆ ಉತ್ತರ ಆರಿಸುವ ಜಾಗದವರೆಗೆ ಬಂದು ಎದ್ದು ಹೋಗಿ. ಗಡಿಯಾರದ ಪಟ್ಟಿ ಓಡುವ ಕೆಲವು ಪ್ರಶ್ನೆ ಬಿಟ್ಟರೆ ಎದುರಿನವನು ಬಾಯಿ ಮುಚ್ಚಿಕೊಂಡು ಕಾಯುತ್ತಾನೆ. ನಾನು ಹಾಲಿಗೆ ಹೆಪ್ಪು ಹಾಕಿ ಬರುವವರೆಗೂ ಒಬ್ಬ ರಾಜ ನನ್ನ ಉತ್ತರಕ್ಕೆ ಕಾದಿದ್ದಾನೆ.

ಇನ್ನು ಮೂರನೆಯ ಪ್ರಶ್ನೆ. ಇದರಲ್ಲಿ ಗೇಮ್ ಲೋಡ್ ಆಗುವಾಗ ಗೆರಾಲ್ಟನ ಗೆಳೆಯ ಡ್ಯಾಂಡೆಲಿಯನ್ ಎಂಬ ಹಾಡುಗಾರನ ದನಿಯಲ್ಲಿ, ಈವರೆಗೆ ಏನಾಯಿತು ಎಂಬುದು ಕೇಳಿಸುತ್ತದೆ. ನಮ್ಮ ಟೀವಿ ಧಾರಾವಾಹಿಗಳ "ಹಿಂದಿನ ಸಂಚಿಕೆಯಲ್ಲಿ" ಇದ್ದ ಹಾಗೇ. ಕೆಲಸಗಳ ಪಟ್ಟಿ ತೆರೆದರೆ ಅಲ್ಲೂ ಅವನೇ ಬರೆದ ಟಿಪ್ಪಣಿ. ಇದನ್ನು ಯೋಚಿಸಿದವರ ಮನೆಯಲ್ಲಿ ಖಂಡಿತ ಚಿಕ್ಕ ಮಕ್ಕಳಿದ್ದರು.

ದೂರುಗಳೂ ಇವೆ. ಕತ್ತಿ ಬೀಸುವುದರಲ್ಲಿ ಎಲ್ಡನ್ ರಿಂಗ್‌ನ ತೂಕ ಇಲ್ಲ, ಉರುಳು, ಹೊಡಿ, ಉರುಳು, ಹೊಡಿ ಅಷ್ಟೇ. ಸ್ಕೆಲಿಗೆ ದ್ವೀಪಗಳ ಸಮುದ್ರದ ತುಂಬ ಪ್ರಶ್ನಾರ್ಥಕ ಚಿಹ್ನೆಗಳು. ಒಂದೊಂದಕ್ಕೂ ದೋಣಿ ಓಡಿಸಿ ಹೋದರೆ ನೀರಲ್ಲಿ ತೇಲುವ ಪೆಟ್ಟಿಗೆ. ಅವನ್ನು ನಕ್ಷೆಯಿಂದ ತೆಗೆಸಿಬಿಡಿ, ಮನಸ್ಸಿಗೆ ನೆಮ್ಮದಿ. ಗೆರಾಲ್ಟ್ ಮಾತಾಡುವುದು ಕೇಳಿದರೆ ನಿದ್ದೆ ಬರುತ್ತದೆ ಎಂಬುದು ನನ್ನ ಹೆಂಡತಿಯ ಅಭಿಪ್ರಾಯ. ಆದರೆ ವೆಲೆನ್‌ನ ಜೌಗು ನಾಡಿನಲ್ಲಿ ಕುಡಿತದಿಂದ ಸಂಸಾರ ಹಾಳು ಮಾಡಿಕೊಂಡ ಬ್ಯಾರನ್ ಒಬ್ಬ ಬರುತ್ತಾನೆ. ಅವನ ಕಥೆ ನಡೆಯುವಾಗ ಅವಳೂ ಬಟ್ಟೆ ಮಡಚುವುದು ನಿಲ್ಲಿಸಿ ನೋಡಿದಳು. "ಇಂಥವನು ನಮ್ಮ ದೊಡ್ಡಪ್ಪನ ಬೀದಿಯಲ್ಲೂ ಇದ್ದ" ಅಂದಳು.

ಸ್ಟಾರ್ಡ್ಯೂ ವ್ಯಾಲಿ, ಅಥವಾ ದಲ್ಲಾಳಿ ಇಲ್ಲದ ಬೇಸಾಯ

ಎರಿಕ್ ಬರೋನ್ ಎಂಬ ಒಬ್ಬನೇ ಮನುಷ್ಯ ನಾಲ್ಕು ವರ್ಷಕ್ಕೂ ಮೀರಿ ಕೂತು ಚಿತ್ರ, ಸಂಗೀತ, ಪ್ರೋಗ್ರಾಮ್ ಎಲ್ಲ ತಾನೇ ಮಾಡಿ 2016ರಲ್ಲಿ ಬಿಟ್ಟ ಗೇಮ್ ಇದು. ತಾತನ ಹಳೆಯ ಜಮೀನಿಗೆ ಬಂದು ಕಲ್ಲು, ಕಳೆ ತೆಗೆದು ಉಳುವುದು. ಶುರುವಿಗೆ ಊರಿನ ಮುಖಂಡ ಹದಿನೈದು ಪಾರ್ಸ್ನಿಪ್ ಬೀಜ ಕೊಡುತ್ತಾನೆ. ಮೂಲಂಗಿಯಂಥ ಗಡ್ಡೆ, ನಾಲ್ಕು ದಿನಕ್ಕೆ ಕೀಳಬಹುದು.

ನಮ್ಮಪ್ಪ ಚಳ್ಳಕೆರೆ ಕಡೆ ಈರುಳ್ಳಿ ಬೆಳೆದವರು. ಒಂದು ಸಂಜೆ ಪಕ್ಕ ಕೂತು ನೋಡಿದರು. "ನಾಕು ದಿನಕ್ಕೆ ಬರೋ ಬೆಳೆ ಯಾವುದಪ್ಪಾ?" ಎಂದು ನಕ್ಕರು. ಕಿತ್ತದ್ದನ್ನೆಲ್ಲ ಮನೆ ಮುಂದಿನ ಪೆಟ್ಟಿಗೆಗೆ ಹಾಕಿದೆ, ಬೆಳಗಾಗುವಷ್ಟರಲ್ಲಿ ದುಡ್ಡು ಬಂತು. "ಎಲ್ಲ ಒಂದೇ ದಿನ ಹಾಕ್ದೆಯಲ್ಲ, ರೇಟ್ ಬೀಳಲ್ವೇನೋ?" ಅಂದರು. ಬೀಳುವುದಿಲ್ಲ. ಈ ಊರಲ್ಲಿ ಸಾವಿರ ಗಡ್ಡೆ ಹಾಕಿದರೂ ಅದೇ ಬೆಲೆ. ಮಂಡಿ ಇಲ್ಲ, ಕಮಿಷನ್ ಇಲ್ಲ, ತೂಕದಲ್ಲಿ ಕಡಿತ ಇಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಆಡು" ಎಂದು ಎದ್ದು ಹೋದರು.

ಮೆನು ತೆರೆದರೆ ಕಾಲ ನಿಲ್ಲುತ್ತದೆ, ಮೊದಲ ಪ್ರಶ್ನೆ ಪಾಸು. ಒಂದು ದಿನ ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಹದಿನಾಲ್ಕು ನಿಮಿಷ. ತೊಡಕು ಇರುವುದು ಇಲ್ಲೇ: ಕಂಪ್ಯೂಟರಿನಲ್ಲಿ ಸೇವ್ ಆಗುವುದು ಹಾಸಿಗೆಗೆ ಹೋಗಿ ದಿನ ಮುಗಿಸಿದಾಗ ಮಾತ್ರ. ಮಧ್ಯಾಹ್ನ ಕರೆಂಟ್ ಹೋದರೆ ಆ ದಿನ ನಡೆದೇ ಇಲ್ಲ. ಹೆಂಡತಿ ವಸಂತದ 13ನೇ ದಿನದ ಮೊಟ್ಟೆ ಹಬ್ಬದಲ್ಲಿ ಎಲ್ಲರನ್ನೂ ಮೀರಿಸಿ ಮೊಟ್ಟೆ ಹೆಕ್ಕಿ ಒಂದು ಹುಲ್ಲಿನ ಟೋಪಿ ಗೆದ್ದಿದ್ದಳು. ಟೋಪಿ ಹಾಕಿಕೊಂಡು ಮನೆ ಕಡೆ ಹೊರಟಿದ್ದಾಗ ಕರೆಂಟ್ ಹೋಯಿತು. ಮತ್ತೆ ಆಡಿದಾಗ ಒಂದು ಮೊಟ್ಟೆ ಕಡಿಮೆ ಬಿತ್ತು, ಟೋಪಿ ಬೇರೆಯವರ ಪಾಲು. ಎರಡು ದಿನ ಮನೆಯಲ್ಲಿ ಆ ಟೋಪಿಯದ್ದೇ ಮಾತು. ಮೊಬೈಲ್‌ನಲ್ಲಿ ಆಡುವವರಿಗೆ ಈ ಕಾಟ ಇಲ್ಲ, ಅದರಲ್ಲಿ ದಿನದ ನಡುವೆಯೇ ಬಿಟ್ಟು ಏಳಬಹುದು. ಬಸ್ಸಿನಲ್ಲಿ ಓಡಾಡುವವರಿಗೆ ಹೇಳಿ ಮಾಡಿಸಿದ್ದು.

ಇದರ ನಿಜವಾದ ಅಪಾಯ ಬೇರೆ. ಹದಿನಾಲ್ಕು ನಿಮಿಷ ತಾನೇ, ಇನ್ನೊಂದು ದಿನ ಆಡಿ ಮಲಗೋಣ ಎಂದು ಶುರುವಾದರೆ ಬೆಳಿಗ್ಗೆ ಹಾಲಿನವನು ಬರುತ್ತಾನೆ.

ಹೇಡೀಸ್: ಸತ್ತರೂ ಮನೆಗೇ ಬರುವುದು

ನಮ್ಮ ಮನೆಯಲ್ಲಿ ಇದನ್ನು ಪೂರ್ತಿ ಅರಗಿಸಿಕೊಂಡವಳು ನನ್ನ ಹೆಂಡತಿ. ಇಬ್ಬರಲ್ಲಿ ಕೈ ಚುರುಕು ಅವಳದೇ. ಗ್ರೀಕ್ ಪುರಾಣದ ಪಾತಾಳದ ಒಡೆಯ ಹೇಡೀಸ್, ಅವನ ಮಗ ಝಾಗ್ರಿಯಸ್. ಮಗ ಅಪ್ಪನ ಮನೆಯಿಂದ ತಪ್ಪಿಸಿಕೊಂಡು ಭೂಮಿಗೆ ಹೋಗಲು ನೋಡುತ್ತಾನೆ, ದಾರಿಯಲ್ಲಿ ಸಾಯುತ್ತಾನೆ, ಸತ್ತರೆ ಮತ್ತೆ ಪಾತಾಳ, ಅಂದರೆ ಮನೆ. ಹಿಪ್ನೋಸ್ ಎಂಬ ತೂಕಡಿಸುವ ದೇವರು ಬಾಗಿಲಲ್ಲೇ ಕೂತು, ಈ ಸಲ ಯಾರ ಕೈಯಲ್ಲಿ ಸತ್ತೆ ಎಂದು ಪಟ್ಟಿ ನೋಡಿ ಚುಚ್ಚುತ್ತಾನೆ. ಸೂಪರ್‌ಜೈಂಟ್ ಎಂಬ ಚಿಕ್ಕ ತಂಡ 2020ರ ಸೆಪ್ಟೆಂಬರ್‌ನಲ್ಲಿ ಪೂರ್ತಿ ಮಾಡಿ ಬಿಟ್ಟ ಗೇಮ್.

ಸಾವು ಇಲ್ಲಿ ನಷ್ಟ ಅಲ್ಲ, ಸತ್ತಾಗಲೇ ಕಥೆ ಮುಂದಕ್ಕೆ ಹೋಗುವುದು. ಒಂದು ಓಟ ಅರ್ಧ ಗಂಟೆ. ಕೋಣೆ ಕೋಣೆಯಾಗಿ ಸಾಗುವ ದಾರಿ, ಯಾವಾಗ ಬೇಕಾದರೂ ಪಾಝ್. ನಡುವೆ ಬಿಟ್ಟರೆ ಅದೇ ಕೋಣೆಯ ಬಾಗಿಲಿಂದ ಶುರು. ಕರೆಂಟ್ ಹೋದರೆ ಹೋಗುವುದು ಒಂದು ಕೋಣೆಯ ಜಗಳ, ಎರಡು ನಿಮಿಷದ ಮಾಲು. ಹತ್ತು ದಿನ ಬಿಟ್ಟು ಬಂದರೆ ನೆನಪಿಡಬೇಕಾದದ್ದೇ ಇಲ್ಲ: ಮೇಲಕ್ಕೆ ಹೋಗಬೇಕು, ಅಷ್ಟೇ. ಮೂರೂ ಪ್ರಶ್ನೆಗೆ ತಕರಾರಿಲ್ಲದೆ ಉತ್ತರ ಕೊಡುವುದು ಇದೊಂದೇ.

ಕಷ್ಟ ಅನ್ನಿಸಿದರೆ ಗಾಡ್ ಮೋಡ್ ಹಾಕಿಕೊಳ್ಳಿ, ನಾಚಿಕೆ ಏನಿಲ್ಲ. ಮೊದಲೇ ಪೆಟ್ಟು ನೂರಕ್ಕೆ 20 ಕಡಿಮೆ ಬೀಳುತ್ತದೆ, ಸತ್ತಂತೆಲ್ಲ ಎರಡೆರಡು ಏರಿ 80ರವರೆಗೆ ಹೋಗುತ್ತದೆ. ನಾನು ಹಾಕಿಕೊಂಡೇ ಮುಗಿಸಿದೆ. ಹೆಂಡತಿ ಹಾಕಿಕೊಳ್ಳದೆ ಮುಗಿಸಿದಳು, ಅದನ್ನು ವಾರಕ್ಕೊಮ್ಮೆ ನೆನಪಿಸುತ್ತಾಳೆ. ನನಗೆ ಇದರಲ್ಲಿ ಕೊರತೆ ಅನ್ನಿಸುವುದು ಸುತ್ತಾಟ. ಬಯಲು, ಗುಡ್ಡ, ಹೊಳೆ ಯಾವುದೂ ಇಲ್ಲ. ಇಪ್ಪತ್ತನೆಯ ಸಲ ಅದೇ ಕೆಂಪು ಲಾವಾದ ಮೇಲೆ ನಿಂತಾಗ ರೆಡ್ ಡೆಡ್‌ನ ಆ ಹಿಮದ ಗುಡ್ಡ ನೆನಪಾಗುತ್ತದೆ.

ಆನ್‌ಲೈನ್ ಆಟಗಳನ್ನು ಈ ಸಾಲಿಗೆ ಸೇರಿಸಿಲ್ಲ, ಅಳತೆಗೇ ಸಿಗುವುದಿಲ್ಲ. ಅಕ್ಕನ ಮಗ ರಜೆಗೆ ಬಂದಾಗ ಮೊಬೈಲ್‌ನಲ್ಲಿ ಬಿಜಿಎಂಐ ಎಂಬ ಗುಂಡು ಹಾರಿಸುವ ಆಟ ಆಡುತ್ತಾನೆ. ನನ್ನ ಹೆಂಡತಿ ಊಟಕ್ಕೆ ಕರೆದರೆ "ನಿಲ್ಸೋಕಾಗಲ್ಲ ಅತ್ತೇ!" ಎಂದು ಕೂಗುತ್ತಾನೆ. ಮನೆಯವರಿಗೆಲ್ಲ ಅದು ಉದ್ಧಟತನ. ಅವನು ಹೇಳುವುದು ನಿಜವೇ, ನೂರು ಜನ ಸೇರಿ ಆಡುವ ಆಟವನ್ನು ಒಬ್ಬನ ಸಾರಿಗಾಗಿ ನಿಲ್ಲಿಸಲಾಗದು. ಅರ್ಧ ಗಂಟೆ ಮೊದಲೇ "ಇದು ಕೊನೇ ಮ್ಯಾಚು" ಎಂದು ಒಪ್ಪಿಸಿಕೊಳ್ಳುವುದೊಂದೇ ಉಪಾಯ.

ಕಂಪ್ಯೂಟರ್ ನೋಡಿಕೊಳ್ಳಿ. ರೆಡ್ ಡೆಡ್‌ಗೆ 150 ಜಿಬಿ ಜಾಗ ಬೇಕು, ಎಲ್ಡನ್ ರಿಂಗ್‌ಗೆ 60 ಜಿಬಿ ಜೊತೆಗೆ 12 ಜಿಬಿ ರ್‍ಯಾಮ್. ವಿಚರ್‌ಗೆ 50 ಜಿಬಿ. ಹೇಡೀಸ್ 15 ಜಿಬಿಯಲ್ಲಿ ಮುಗಿಯುತ್ತದೆ, ಗ್ರಾಫಿಕ್ಸ್ ಕಾರ್ಡ್ ಇಲ್ಲದ ಆಫೀಸ್ ಲ್ಯಾಪ್‌ಟಾಪ್‌ನಲ್ಲೂ ಓಡಿದ್ದನ್ನು ನೋಡಿದ್ದೇನೆ. ಸ್ಟಾರ್ಡ್ಯೂ 500 ಎಂಬಿ, ಅಂದರೆ ಮದುವೆಯ ಒಂದು ವಿಡಿಯೋಗಿಂತ ಚಿಕ್ಕದು. ಐದರಲ್ಲಿ ಒಂದರಲ್ಲೂ ಕನ್ನಡ ಇಲ್ಲ. ಇಂಗ್ಲಿಷ್ ಓದುವುದು ತ್ರಾಸ ಅನ್ನುವವರಿಗೆ ಸ್ಟಾರ್ಡ್ಯೂ ಸಲೀಸು. ರೆಡ್ ಡೆಡ್‌ನವರ ಉಚ್ಚಾರಣೆ ಮಾತ್ರ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೂ ಬಾಯಲ್ಲಿ ಎಲೆಅಡಿಕೆ ಇದ್ದ ಹಾಗೆ ಕೇಳಿಸುತ್ತದೆ, ಸಬ್‌ಟೈಟಲ್ ಹಾಕಿಕೊಳ್ಳಿ. ಯಾವುದನ್ನೂ ಪೂರ್ತಿ ಬೆಲೆ ಕೊಟ್ಟು ಕೊಳ್ಳಬೇಡಿ, ವರ್ಷಕ್ಕೆ ಹಲವು ಸಲ ಸೇಲ್ ಬರುತ್ತದೆ. ಹತ್ತು ವರ್ಷ ದಾಟಿದ ವಿಚರ್ ಆಗ ಒಂದು ಹೊತ್ತಿನ ಹೋಟೆಲ್ ಊಟದ ಬೆಲೆಗೆ ಸಿಕ್ಕಿದ್ದುಂಟು.

ಹಾಗಾದರೆ ಯಾವುದು? ಮನೆಯಲ್ಲಿ ಎಳೆ ಮಗು ಇದ್ದರೆ, ಎಷ್ಟು ಹೊತ್ತಿಗೆ ಎದ್ದೀತೋ ಗೊತ್ತಿಲ್ಲದಿದ್ದರೆ ಕಣ್ಣು ಮುಚ್ಚಿ ಹೇಡೀಸ್. ದಿನಕ್ಕೆ ಒಂದು ಗಂಟೆ ಖಾತ್ರಿ ಇದ್ದು ಕಥೆ ಬೇಕು ಅನ್ನುವವರಿಗೆ ವಿಚರ್. ನನ್ನ ಆಯ್ಕೆ ಅದೇ, ಎರಡನೆಯ ಸಲ ಆಡುತ್ತಿದ್ದೇನೆ. ಗೇಮ್ ಆಡಿಯೇ ಗೊತ್ತಿಲ್ಲದ ಗಂಡನನ್ನೋ ಹೆಂಡತಿಯನ್ನೋ ಪಕ್ಕ ಕೂರಿಸಿಕೊಳ್ಳಬೇಕಾದರೆ ಸ್ಟಾರ್ಡ್ಯೂ. ಎಲ್ಡನ್ ರಿಂಗ್ ಶನಿವಾರ ರಾತ್ರಿಗೆ, ಟ್ಯಾಂಕ್ ತುಂಬಿದ ಮೇಲೆ. ಅಂದ ಹಾಗೆ, ಕೊನೆಗೂ ಮಾರ್ಗಿಟ್ ಇಪ್ಪತ್ತೆರಡನೆಯ ಸಲಕ್ಕೆ ಬಿದ್ದ.

ಯಾವುದನ್ನೇ ಆರಿಸಿ, ಡೆಸ್ಕ್‌ಟಾಪ್ ಇದ್ದರೆ ಗೇಮಿಗಿಂತ ಮೊದಲು ಒಂದು ಯುಪಿಎಸ್ ಕೊಳ್ಳಿ. ನಮ್ಮದು ಕರೆಂಟ್ ಹೋದ ಮೇಲೆ ಏಳೆಂಟು ನಿಮಿಷ ಹಿಡಿದಿಡುತ್ತದೆ, ಕುಂಯ್ ಕುಂಯ್ ಅನ್ನುತ್ತಿರುತ್ತದೆ. ಹೇಡೀಸ್‌ನಲ್ಲಿ ಕೋಣೆ ಮುಗಿಸಲು, ವಿಚರ್‌ನಲ್ಲಿ ಎಫ್5 ಒತ್ತಲು ಅಷ್ಟು ಸಾಕು, ರೆಡ್ ಡೆಡ್ ಮಿಷನ್ನಿಗೆ ಸಾಲದು. ಹೋದ ವಾರ ಮಳೆಗೆ ಕರೆಂಟ್ ಹೋದಾಗ ಹೆಂಡತಿ ಸ್ಟಾರ್ಡ್ಯೂನ ಗಣಿಯ ಒಳಗಿದ್ದಳು. ಅಲ್ಲಿ ಇನ್ನೂ ಬೆಳಿಗ್ಗೆ ಹನ್ನೊಂದು ಗಂಟೆ. ಕುಂಯ್ ಶಬ್ದ ಕೇಳಿದ್ದೇ ಏಣಿ ಹತ್ತಿ, ಊರು ದಾಟಿ, ಕುಂಬಳದ ಮಡಿಯ ನಡುವೆಯೇ ಓಡಿಸಿಕೊಂಡು ಬಂದು ಹಾಡುಹಗಲೇ ಹಾಸಿಗೆಗೆ ಹಾಕಿದಳು. ಸೇವ್ ಆಯಿತು ಎಂದು ತೋರಿಸಿದ ಮೇಲೆ ಯುಪಿಎಸ್ ಇನ್ನೂ ಮೂರು ನಿಮಿಷ ಕೂಗಿತು. "ಗಿಡಕ್ಕೆ ನೀರೇ ಹಾಕಿರಲಿಲ್ಲ ರೀ" ಅಂದಳು ಕತ್ತಲಲ್ಲಿ. ನಲ್ಲಿಯಲ್ಲಿ ನೀರು ಬಂದ ಸದ್ದು ಕೇಳುತ್ತಿತ್ತು, ಮೋಟಾರ್ ಹಾಕಲು ಕರೆಂಟ್ ಇರಲಿಲ್ಲ.